ಎರಡು ಡಬ್ಬಿ

ಕೌಲ್ ಬಜಾರಿನ ಮಾಬುಸಾಬ್ ಗಲ್ಲಾದ ಮೇಲೆ ಎರಡು ಡಬ್ಬಿ ಇಟ್ಟ.
"ಇದು ಅರವತ್ತು, ಇದು ನೂರಾ ಮೂವತ್ತು.
ಒಳಗಿನ ಮಾಲು ಒಂದೇ ಅಕ್ಕಾ."

ಒಂದೇ ಅನ್ನೋ ಮಾತು ನನಗೆ ಹೇಳಬ್ಯಾಡ, ಸಾಬಣ್ಣ.
ಹನ್ನೊಂದು ವರ್ಷ ಜೀನ್ಸ್ ಹೊಲಿದ ಕೈ ಇದು.
ದಿನಾ ಸಂಜೀತನಕ ಹಿಂದಿನ ಜೇಬಿನ ಮೇಲೆ
ನಾ ಕಾಣದ ದೇಶದ ಹೆಸರು ಹಚ್ಚಿ
ಹಲ್ಲಿಂದ ದಾರ ಕಡಿಯುತ್ತೇನೆ.

ಬಿಚ್ಚಿ ನೋಡಿದೆ.
ಅಗ್ಗದ್ದರ ಕಾಗದದ ನಿರಿಗೆ
ಅವಸರದಾಗ ಉಟ್ಟ ಸೀರೆ: ಇಲ್ಲಿ ಗುಂಪು, ಅಲ್ಲಿ ಬಯಲು.
ಅಂಟು ಒಂದು ಕಡೆ ಬಾಯಿ ಬಿಟ್ಟಿದೆ.
ಇನ್ನೊಂದರ ನಿರಿಗೆ ಎಣಿಸಿದೆ, ನಲವತ್ತೆರಡು, ಎಲ್ಲಾ ಸಮ.
ಮಾಬುಸಾಬ್ ಫ್ಯಾನಿನ ಕಡೆ ನೋಡುತ್ತಾ ಚಿಲ್ಲರೆ ಕೊಟ್ಟ.

ರಾತ್ರಿ ಓಣಿಯಲ್ಲಿ ಗಾಡಿ ನಿಲ್ಲಿಸಿ ಎಣ್ಣೆ ಇಳಿಸಿ
ಹಳೆಯದನ್ನು ಹೊರಗೆಳೆದೆ.
ದುರುಗಮ್ಮ ಟಾರ್ಚ್ ಹಿಡಿದು ತೂಕಡಿಸುತ್ತಿದ್ದಳು,
ಬೆಳಕು ಆಗಾಗ ಗೋಡೆಗೆ ಹೋಗಿ ಬರುತ್ತಿತ್ತು.
ನಿರಿಗೆ ಹಿಗ್ಗಿಸಿ, ನೀಲಿಗಟ್ಟಿದ ಬೆರಳಿಂದ ಒರೆಸಿದೆ.
ಮಿಂಚಿದರೆ ಎಂಜಿನ್ನು ತನ್ನನ್ನೇ ತಿನ್ನುತ್ತಿದೆ,
ಕೆಂಪಾದರೆ ಸಂಡೂರು ದಾರಿಯ ಧೂಳು.
ಕೆಂಪೇ.
ಹಾಗಾದರೆ ಗಾಳಿಯ ಫಿಲ್ಟರೂ ಹೋಗಿದೆ,
ಇನ್ನೂರು ರೂಪಾಯಿ, ಮುಂದಿನ ಶನಿವಾರದ ಬಟವಾಡೆಗೆ.

ರಬ್ಬರ್ ಬಳೆಗೆ ಹನಿ ಎಣ್ಣೆ ಸವರಿ ಕೂಡಿಸುವಾಗ ಕೇಳಿದಳು:
"ಅವ್ವಾ, ನೀ ಹೊಲಿದ ಪ್ಯಾಂಟು
ಯಾರಾರ ಹಿಂಗ ಬಿಚ್ಚಿ ನೋಡತಾರೇನು?"

ಸ್ಪ್ಯಾನರ್ ಒಂದು ಸುತ್ತು ತಿರುಗಿತು.
ನೋಡಲಿ.
ಹೆಸರು ಯಾರದೋ. ಹೊಲಿಗಿ ನಂದು,
ಒಂದಿಂಚಿಗೆ ಎಂಟು, ಇಲ್ಲೀತನಕ ಬಿಟ್ಟಿಲ್ಲ.

"ಬೆಳಕು ಈ ಕಡೆ ಹಿಡಿಯೇ," ಅಂದೆ,
"ನಟ್ಟು ಕಾಣವಲ್ಲದು."