ಉದ್ರಿ ಪುಸ್ತಕ

ಶನಿವಾರದ ಪಾಠದ ಪುಸ್ತಕದಲ್ಲಿ
ಪಾಂಡಾ ಬಿದಿರು ತಿನ್ನುತ್ತದೆ,
ಹನ್ನೆರಡನೆಯ ಪುಟದವರೆಗೂ.
ಯಾನಿಕ್ ಮೇಜಿನ ಕೆಳಗಿಳಿದು
ನನ್ನ ಚಪ್ಪಲಿಯಲ್ಲಿ ಕಾಲು ತೂರಿಸಿ ಕೂರುತ್ತಾನೆ:
'ಅದು ತಿಂದು ಮುಗಿಸಲಿ, ಆಮೇಲೆ ಬರ್ತೇನೆ.'

ಬೈಯಲು ನನಗೇನು ಹಕ್ಕು?
ಮಹೆಬೂರಿನ ಈ ಅಡುಗೆಮನೆಯಲ್ಲಿ
ಬೇಳೆ ಬೇಯುವುದು ಕ್ರಿಯೋಲಿನಲ್ಲಿ,
ಕರೆಂಟ್ ಬಿಲ್ಲು ಬರುವುದು ಇಂಗ್ಲಿಷಿನಲ್ಲಿ,
ದೇವರಲ್ಲಿ ದೂರು ಫ್ರೆಂಚಿನಲ್ಲಿ.
ಚೀನೀ ಅಕ್ಷರ ನನಗೂ ನಿನ್ನೆ ರಾತ್ರಿಯದೇ.
ಅವನು ಮಲಗಿದ ಮೇಲೆ ನಾಳೆಯ ಪಾಠ ಉರು ಹೊಡೆದು
ಬೆಳಿಗ್ಗೆ ಹುಟ್ಟಾ ಪಂಡಿತಳ ಹಾಗೆ ಕೂರುತ್ತೇನೆ.
ಅವನಿಗಿಂತ ಒಂದೇ ಪುಟ ಮುಂದೆ.
ಕೆಲವು ದಿನ ಅರ್ಧ.

ಆ ಮಂಗಳವಾರ ಚಂಡಮಾರುತ, ಮೂರನೆಯ ಎಚ್ಚರಿಕೆ,
ಕರೆಂಟಿಲ್ಲ, ಶಾಲೆಯಿಲ್ಲ,
ಕಿಟಕಿಗೆ ಬಡಿದ ಹಲಗೆಯೂ ಗೊಣಗುತ್ತಿದೆ.
ಮೇಣದಬತ್ತಿ ಹುಡುಕುತ್ತ ಟ್ರಂಕು ತೆರೆದವಳ ಕೈಗೆ
ಸಿಕ್ಕಿದ್ದು ಮುತ್ತಜ್ಜನ ಅಂಗಡಿಯ ಉದ್ರಿ ಪುಸ್ತಕ.
ಗೆದ್ದಲು ಬಡ್ಡಿಯನ್ನಷ್ಟೇ ತಿಂದು
ಅಸಲು ಬಿಟ್ಟಿತ್ತು.

ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ
ಸೋನೆ ಹಿಡಿದಂತೆ ಮಸಿ.
'ಇವನ್ಯಾರು, ಎಲ್ಲರ ಬೆನ್ನಿಗೂ ನಿಂತಿದ್ದಾನೆ?'
ಮೇಜಿನಡಿಯಿಂದ ತಲೆ ಹೊರಗೆ ಬಂತು.
ನಿಘಂಟು ತೆರೆದೆ, ಮರೆಮಾಚದೆ, ಅವನ ಎದುರಿಗೇ.
ನಾಲ್ಕು ಗೀಟಿನ ಅಕ್ಷರ:
ಬಾಯಿ ತೆರೆದ ಮನುಷ್ಯ. ಆಕಳಿಕೆ.
ಅದರ ಕೆಳಗೇ ಇನ್ನೊಂದು ಅರ್ಥ: ಬಾಕಿ.

'ಸಾಲ ಕೇಳಿದರೆ ಮುತ್ತಜ್ಜ ಆಕಳಿಸ್ತಿದ್ದನಾ?'
'ವಾಪಸು ಕೇಳಿದಾಗ ಅವರು ಆಕಳಿಸ್ತಿದ್ದರೋ ಏನೋ.'
ಅಷ್ಟರಲ್ಲಿ ಇಬ್ಬರಿಗೂ ಆಕಳಿಕೆ ಬಂತು,
ಒಂದರ ಹಿಂದೊಂದು, ಕಣ್ಣಲ್ಲಿ ನೀರು ಬರುವಷ್ಟು.
'ಅಮ್ಮಾ, ಈ ಅಕ್ಷರ ನಿಜವಾಗ್ಲೂ ಕೆಲಸ ಮಾಡುತ್ತೆ!'

ಆಮೇಲೆ ತಡೆಯುವವರು ಯಾರು.
ಎಂಟು ದಿಕ್ಕಿಗೆ ಚೆಲ್ಲಿದ ಅಕ್ಕಿ ಸಿಕ್ಕಿತು,
ಸಕ್ಕರೆಯ ಮಗ್ಗುಲಲ್ಲೂ ಅದೇ ಅಕ್ಕಿ.
ಕಬ್ಬಿನ ಗದ್ದೆಯ ಆಳುಗಳ ಹೆಸರನ್ನೆಲ್ಲ
ಮುತ್ತಜ್ಜ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ:
ಒಂದು ಕುದುರೆ, ಒಂದು ಲಾಭ, ಕೂಡಿಸಿದರೆ ಮಾ-ಲಿ.
ಮರೀ!
ಪಾಠದ ಕುದುರೆಗೆ ಕಾಲಿನ ಜಾಗದಲ್ಲಿ ಬರೀ ಗೆರೆ,
ಇದಕ್ಕೆ ನಾಲ್ಕು ಗೊರಸು. ಓಡಿದ್ದು ಇದೇ ಎಂದ ಯಾನಿಕ್.
ಹೆಸರು ಕೇಳಿಸದವರಿಗೆ ಅಡ್ಡಹೆಸರು.
ಒಬ್ಬನಂತೂ ಬರೀ 'ಮೂರು ನಾಯಿ'.
ನನ್ನ ಸಹಾಯವಿಲ್ಲದೆ ಅವನೇ ಓದಿದ,
ಓದಿ, ಯಾರೋ ಬಾಗಿಲಿಗೆ ಬಂದಂತೆ ತಿರುಗಿ ನೋಡಿದ.

ಸಾಲ ತೀರಿದವರ ಹೆಸರಿನಡಿ ಬೇರೊಂದು ಅಕ್ಷರ:
ಮೂರು ಹನಿ ನೀರು, ಪಕ್ಕದಲ್ಲಿ ಹಸಿರು. ತಿಳಿ.
ಮರೀಗೆ ಇದೆ. ಕುಂಟನಿಗೆ ಇದೆ.
ಮೂರು ನಾಯಿಗೆ ಇಲ್ಲ.
ಎರಡು ಸೇರು ಸಕ್ಕರೆ, ಒಂದು ಬತ್ತಿ, ಬಾಕಿ.
ಮುಂದಿನ ಪುಟ ಖಾಲಿ.
'ಸತ್ತುಹೋದನಾ? ನಾಯಿಗಳು?'
ನಿಘಂಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ,
ನನ್ನಲ್ಲೂ.
ಆ ರಾತ್ರಿ ಗಾಳಿಗಿಂತ ಹೆಚ್ಚು ಹೊತ್ತು
ಅವನೇ ಹೊರಳಾಡಿದ.

ಗಾಳಿ ನಿಂತ ಮೂರನೆಯ ದಿನ
ಫ್ರಿಜ್ಜಿನ ಮೇಲೊಂದು ಚೀಟಿ, ಮೇಲಿಂದ ಕೆಳಕ್ಕೆ:
ಕುದುರೆ. ಒಂದು. (ಐಸ್‌ಕ್ರೀಮಿನ ಚಿತ್ರ.) ಬಾಕಿ.
'ಅಮ್ಮ' ಎಂದು ಬರೆಯಹೊರಟವನು
ಪಕ್ಕದಲ್ಲಿರಬೇಕಾದ ಹೆಣ್ಣನ್ನೇ ಬಿಟ್ಟಿದ್ದಾನೆ;
ಗೊರಸು ಮಾತ್ರ ನಾಲ್ಕೂ ಇವೆ,
ಒಂದೊಂದನ್ನೂ ಒತ್ತಿ ಒತ್ತಿ ಇಟ್ಟಿದ್ದಾನೆ.

ಕೆಂಪು ಪೆನ್ನು ಕೈಗೆ ಬಂತು,
ಬಂದ ಹಾಗೆಯೇ ಡಬ್ಬಿಗೆ ಹೋಯಿತು.
ಚಪ್ಪಲಿ ಮೆಟ್ಟಿ ಕುದುರೆ ಅಂಗಡಿಗೆ ಹೊರಟಾಗ
ಹಿಂದಿನಿಂದ ಕೂಗು:
'ಮೂರು ನಾಯಿಗೂ ಒಂದು ತಾ!'