ಮೇಸ್ತ್ರಿಗೆ ಹಚ್ಚದ ಪುಡಿ

ಹುಳು ಮೂರನೇ ಜ್ವರಕ್ಕೆ ಕೂತಿದ್ದವು.
ತಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ,
ತಟ್ಟೆ ತಟ್ಟೆಯಲ್ಲೂ ಒಂದೇ ಮೌನ.
ನಾನು ಜರಡಿ ಹಿಡಿದು ಸುಣ್ಣ ಉದುರಿಸುತ್ತಿದ್ದೆ,
ಬೆಕ್ಕು ಕಂಬಕ್ಕೆ ಬೆನ್ನು ತೀಡುತ್ತಿತ್ತು.

ನಮ್ಮ ಹುಳುಮನೆಗೆ ಅವನೇ ಮೇಸ್ತ್ರಿ.
ಸಂಬಳವಿಲ್ಲ, ರಜೆಯಿಲ್ಲ,
ರಾತ್ರಿ ಸ್ಟ್ಯಾಂಡಿನ ಕೆಳಗೆ ಒಂದು ಸುತ್ತು,
ಬೆಳಗಿನ ಜಾವ ಇನ್ನೊಂದು.
ಹೋದ ವರ್ಷದ ಬೆಳೆಗೆ ಅವನಿರಲಿಲ್ಲ:
ಇಲಿ ಎರಡು ತಟ್ಟೆ ಹುಳು ತಿಂದು
ಮೂರನೆಯದರಲ್ಲಿ ನಿದ್ದೆ ಮಾಡಿತ್ತು.

ಅವನ ಮೈ ತುಂಬ ಚಿಗಟ.
ಕೂತಲ್ಲಿ ಕೂರಲ್ಲ, ಹಿಂಗಾಲಲ್ಲಿ
ಕಿವಿಯ ಬುಡ ಕೆರೆದು ಕೆರೆದು ರಕ್ತ.
ನನ್ನ ಪಾದದ ಗಂಟಿನ ಸುತ್ತ ಕೆಂಪು ಕಾಲ್ಗೆಜ್ಜೆ.
ನಮ್ಮ ಮನೆಯವರು ನೋಡಿ ನಗುತ್ತಾರೆ,
ತಾವೂ ಕೆರೆದುಕೊಳ್ಳುತ್ತ.

ಎದುರು ಮನೆ ಆವಲಮ್ಮ ಹೇಳಿದಳು:
ಹೊಗೆಸೊಪ್ಪು ಪುಡಿ ಮಾಡಿ ತಿಕ್ಕು.
ಹೊಗೆಸೊಪ್ಪು!
ಬೀಡಿ ಸೇದಿದ ಕೈಯನ್ನೇ ಬಾಗಿಲಾಚೆ ನಿಲ್ಲಿಸುವ ಮನೆ ನಮ್ಮದು.
ಶಿಡ್ಲಘಟ್ಟಕ್ಕೆ ಹೋದೆ. ಗ್ರಂದಿಗೆ ಅಂಗಡಿ ಸೆಟ್ಟರು
ಮೂರು ಪೊಟ್ಟಣ ಕಟ್ಟಿಕೊಟ್ಟರು:
ಬಜೆ, ಒಣಬೇವು, ಸೀತಾಫಲದ ಬೀಜ ಕುಟ್ಟಿದ್ದು.
"ಎಲ್ಲಾ ಗಿಡಮೂಲಿಕೆ ಕಣಮ್ಮ, ಏನೂ ಆಗಲ್ಲ."
ಏನೂ ಆಗದಿದ್ದರೆ ಚಿಗಟ ಹೇಗೆ ಸಾಯುತ್ತೆ
ಎಂದು ಕೇಳಬೇಕಿತ್ತು. ಬಸ್ಸು ಬಂತು.

ಅತ್ತೆ ಪೊಟ್ಟಣ ಬಿಚ್ಚಿ ಮೂಸಿದಳು.
ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿ
"ಮುಂದು ನೀ ನಾಲಿಕ ಮೀದ ಪೆಟ್ಟುಕೋ" ಎಂದಳು.
ಸಿಟ್ಟು ಬಂದರೆ ಅವಳದು ತೆಲುಗು.
ನನ್ನ ನಾಲಿಗೆಗೆ? ನನಗೆ ಯಾಕೆ?
"ಅವನೇನು ಟವಲು ತಗೊಂಡು ಒರೆಸಿಕೊಳ್ತಾನಾ?"

ನಿಜ. ಬೆಕ್ಕಿಗೆ ನಾಲಿಗೆಯೇ ಬಾಚಣಿಗೆ, ನಾಲಿಗೆಯೇ ಸೋಪು,
ಮೈಗೆ ಹಾಕಿದ್ದೆಲ್ಲ ಸಂಜೆಯೊಳಗೆ ಹೊಟ್ಟೆಗೆ.
ಹೇನಿಗೆಂದು ಸೀತಾಫಲದ ಬೀಜ ಅರೆದು ಹಚ್ಚಿ
ತನ್ನ ತಂಗಿಗೆ ಒಂದು ಕಣ್ಣು ಮಂಜಾದದ್ದು
ಅತ್ತೆ ಅವತ್ತು ಮೊದಲ ಸಲ ಹೇಳಿದಳು.

ಬೆಕ್ಕು ಬದುಕಿತು ಎನ್ನಿ. ಆಮೇಲೆ?
ಮೈ ಕೊಡವಿಕೊಂಡು ಸ್ಟ್ಯಾಂಡಿನ ಕೆಳಗೆ ನಡೆದರೆ
ಉದುರಿದ ಪುಡಿ ಕೇಳುವುದಿಲ್ಲ
ಯಾರು ಚಿಗಟ, ಯಾರು ರೇಷ್ಮೆ ಎಂದು.
ಹುಳ ಅಂದರೆ ಹುಳ, ಅದಕ್ಕೆ.
ನಾವಾದರೂ ಕೇಳುತ್ತೇವಾ ಹೇಳಿ:
ಒಂದಕ್ಕೆ ಹೊತ್ತು ಹೊತ್ತಿಗೆ ಎಳೆಸೊಪ್ಪು,
ಒಂದಕ್ಕೆ ಉಗುರು.
ಸೊಪ್ಪು ತಿಂದದ್ದಕ್ಕೂ ಕೊನೆಗೆ ಕುದಿನೀರು;
ಅದನ್ನು ನಾವು ನೋಡುವುದಿಲ್ಲ, ಮಾರಿ ಬರುತ್ತೇವೆ.

ಕೊನೆಗೆ ಪುಡಿ ಎಂದರೆ ಒಲೆಯ ಬೂದಿ.
ಅದೂ ಬೆಕ್ಕಿಗಲ್ಲ.
ಅವನು ಮಲಗುವ ಗೋಣಿಚೀಲ ಸುಟ್ಟೆವು,
ಜಗಲಿ ಸಂದಿಯ ಮಣ್ಣು ಕೆರೆದು, ಬಿಸಿನೀರು ಹುಯ್ದು,
ಒಣಗಿದ ಮೇಲೆ ಬೂದಿ ತುಂಬಿದೆವು.
ಚಿಗಟದ ಊರು ಅಲ್ಲಿತ್ತು.
ಬೆಕ್ಕಿನ ಮೈ ಬರೀ ಸಂತೆ.

ಈಗ ದಿನಾ ಸಂಜೆ ಹೊಸಿಲಾಚೆ ಕೂತು
ಅತ್ತೆ ಸೀರಣಿಗೆ ಹಿಡಿಯುತ್ತಾಳೆ.
ಹೊಸ ಸೊಸೆಯಾಗಿ ಬಂದಾಗ ನನ್ನ ತಲೆಗೆ ಹಿಡಿದದ್ದೇ ಅದು;
ಒಂದು ಹಲ್ಲು ಆಗಲೇ ಮುರಿದಿತ್ತು.
ಪಕ್ಕದಲ್ಲಿ ಬಟ್ಟಲು, ಸೋಪಿನ ನೀರು.
ಮೊದಲ ದಿನ ಹದಿನಾಲ್ಕು. ಆಮೇಲೆ ಒಂಬತ್ತು. ನಿನ್ನೆ ಮೂರು.
ಇವತ್ತು ಎಣಿಸುವುದನ್ನೇ ಮರೆತು
ಅವನ ಕಿವಿಯ ಹಕ್ಕಳೆಯನ್ನು ನೋಡುತ್ತ ಕೂತಿದ್ದಳು,
ಮೇಸ್ತ್ರಿ ಕಣ್ಣು ಮುಚ್ಚಿ ಗುರುಗುಡುತ್ತಿದ್ದ.

ಒಳಗೆ ನಾಲ್ಕನೇ ಜ್ವರ ಬಿಟ್ಟ ಹುಳು
ಸೊಪ್ಪಿಗೆ ಬಾಯಿ ಹಾಕಿವೆ,
ಯಾರೋ ಹಳೆಯ ರಸೀದಿ ಹರಿಯುತ್ತಿರುವ ಸದ್ದು.
ನಾನು ಕಾಲು ಕೆರೆದುಕೊಳ್ಳುತ್ತೇನೆ, ಅಭ್ಯಾಸಕ್ಕೆ.

ಮೂರು ಪೊಟ್ಟಣ ಇನ್ನೂ ಅಟ್ಟದ ಮೇಲಿವೆ,
ಡಬ್ಬಿಯೊಳಗೆ ಡಬ್ಬಿ ಹಾಕಿ ಮುಚ್ಚಿದ್ದೇನೆ.
ಎಸೆಯೋಣವೆಂದರೆ ಎಲ್ಲಿಗೆ?
ತಿಪ್ಪೆಯ ಗಾಳಿಯೂ
ಹುಳುಮನೆ ಕಡೆಗೇ ಬೀಸುತ್ತದೆ.