ಆ ಕಡೆ

ಚಿಕ್ಲಿಹೊಳೆ ಡ್ಯಾಮಿನಲ್ಲಿ ಮೀನು ಎಲ್ಲಿದೆಯೆಂದು
ಕುಂಞಾಲಿ ಕಾಕ ಯಾರಿಗೂ ಹೇಳಿದವರಲ್ಲ.
ಸುಂಟಿಕೊಪ್ಪದ ಪಂಪ್‌ಸೆಟ್ ರಿಪೇರಿಯವರು;
ಇಪ್ಪತ್ತು ಬೇಸಿಗೆ ಫುಟ್‌ವಾಲ್ವ್ ಇಳಿಸಿ ಇಳಿಸಿ
ಅದರ ಹೊಟ್ಟೆಯನ್ನು ಮೊಳದ ಲೆಕ್ಕದಲ್ಲಿ ಬಲ್ಲವರು.

ಕೇಳಿದರೆ ಗಡ್ಡ ತುರಿಸಿ, "ಅಗೋ, ಆ ಕಡೆ."
ಆ ಕಡೆ ಎಂದರೆ ಇಡೀ ಡ್ಯಾಮು.

ಕೂತೆ ನಾನು, ಮೂರು ಭಾನುವಾರ, ಆ ಕಡೆಯೆಲ್ಲ.
ಎರೆಹುಳು ಒಣಗಿತು. ಬೆಂಡು ಅಲುಗಲಿಲ್ಲ.
ನೀರುಕಾಗೆಯೊಂದು ನನ್ನೆದುರೇ ಮುಳುಗಿ ಎದ್ದು
ಬೆಳ್ಳಗೆ ಮಿಂಚಿದ್ದೇನನ್ನೋ ನುಂಗಿ
ರೆಕ್ಕೆ ಒಣಗಿಸುತ್ತ ಕೂತಿತು,
ಪುರುಸೊತ್ತಾಗಿ.

ಹೂಮಳೆ ಬಿದ್ದ ನಾಲ್ಕನೇ ದಿನ
ಚಪ್ಪಲಿ ತೊಳೆಯಲು ಇಳಿದೆ, ಅಷ್ಟೇ.
ಮೊಣಕಾಲುದ್ದದ ನೀರು, ಉಗುರುಬೆಚ್ಚಗೆ.
ಮುಳುಗಿ ಸತ್ತ ಮತ್ತಿಮರದ ಬೊಡ್ಡೆ ಸುತ್ತ
ಕೆಸರಲ್ಲಿ ಊಟದ ತಟ್ಟೆ ಒತ್ತಿದಂತೆ ಗುಂಡು ಗುಂಡು ಗುಳಿ,
ಗುಳಿಗೊಂದು ಜಿಲೇಬಿ ಮೀನು ಕಾವಲು.
ಇಷ್ಟು ದಿನ ಆಳ, ಆಳ ಎಂದು ಬೀಸಿದ ಗಾಳವೆಲ್ಲ
ಅವುಗಳ ತಲೆಯ ಮೇಲಿಂದಲೇ ಹಾರಿ ಹೋಗಿತ್ತು.

ನಾಲ್ಕು ಹಿಡಿದೆ.
ಐದನೆಯದು ಹುಳುವಿನ ತನಕ ಬಂತು, ಮೂಸಿತು,
ಬಾಯಿ ಮಾತ್ರ ತೆರೆಯಲಿಲ್ಲ.
ಗಂಟಲು ಉಬ್ಬಿತ್ತು: ಬಾಯ್ತುಂಬ ಮೊಟ್ಟೆ.
ಗಾಳ ಸುತ್ತಿಕೊಂಡೆ.

ಕಾಫಿಹೂವಿನ ಘಾಟು ತುಂಬಿದ ತಿರುವಿನಲ್ಲಿ
ಕಾಕನ ಜೀಪು ನಿಂತಿತು.
ಚೀಲ ಇಣುಕಿದರು; ಒದ್ದೆ ಪ್ಯಾಂಟನ್ನೂ ನೋಡಿದರು,
ಮೊಣಕಾಲಿನವರೆಗೆ, ಅಳತೆ ಹಿಡಿದವರ ಹಾಗೆ.
"ಎಲ್ಲಿ?"
"ಅಗೋ," ಅಂದೆ, "ಆ ಕಡೆ."

ಬೀಡಿ ಹಚ್ಚಿ ಹೊರಟರು.
ಇಳಿಜಾರಿನುದ್ದಕ್ಕೂ ಜೀಪಿನ ಹಿಂದೆ
ಸ್ಪ್ರಿಂಕ್ಲರ್ ಪೈಪುಗಳು ಗಲಗಲ ನಕ್ಕವು.